ಚೌತಿ ಚಂದ್ರನ್ನ ತಗದವ್ರು ಯಾರು?

ನನ್ನ ಫೋಟೋ ನೋಡಿದವ್ರು ಮೊದಲು "ಆಹಾ!" ಅಂತಾರ. ಆಮ್ಯಾಲೆ ನನ್ನ ಮಾರಿ ನೋಡಿ, "ಖರೇ ಹೇಳ್ರಿ, ಇದನ್ನ ತಗದವ್ರು ಯಾರು?" ಅಂತಾರ. ಇದು ತಪ್ಪಿದ್ದಲ್ಲ ನೋಡ್ರಿ. ಹಗಲೆಲ್ಲ ನಾ ನಿಗಡಿ ಅನ್ನೋ ಊರಾಗಿನ ಒಂದು ಕನ್ನಡಕದ ಅಂಗಡ್ಯಾಗ ಕೆಲಸ ಮಾಡ್ತೀನಿ. ಸಂಜಿಗೆ ಮೋಡ ಇಲ್ಲಂದ್ರ ನಾವಿರೋ ಹೌಸಿಂಗ್ ಸೊಸೈಟಿ ಗಚ್ಚಿ ಮ್ಯಾಲೆ ದುರ್ಬೀನು ಇಟ್ಟು, ಅದಕ್ಕ ಕ್ಯಾಮೆರಾ ಹಚ್ಚಿ, ಚಂದ್ರ, ಗುರು, ಶನಿ, ಯಾರು ಸಿಗ್ತಾರೋ ಅವರ ಫೋಟೋ ಹೊಡೀತೀನಿ. ನನಗ ಬಹುಮಾನ ಬ್ಯಾಡ. ಫೋಟೋದ ಕೆಳಗ ನನ್ನ ಹೆಸರು ಇರಬೇಕು, ಅಷ್ಟ. ಅದ ಆಗವಲ್ದು!

ದೊಡ್ಡ ಮನಸ್ಸು

ನಮ್ಮ ಪಡಸಾಲಿ ಗ್ವಾಡಿಗೆ ಹುಣ್ಣಿಮಿ ಚಂದ್ರನ ಫೋಟೋ ತೂಗಹಾಕೀನಿ. ಇಂದಾಪುರದಿಂದ ನಮ್ಮನಿಯವರ ಸೋದರಮಾವ ಬಂದವ್ರು ಅದರ ಮುಂದ ನಿಂತುಬಿಟ್ರು.

"ಶಾಭಾಸ್ ಅಳಿಯಾ! ಎಂಥಾ ಫೋಟೋ ಹೊಡದೀಯೋ!"

"ನಾ ಅಲ್ಲ ಮಾಮಾ, ಅಕಿ ಹೊಡದಾಳ" ಅಂದ್ರು ನಮ್ಮನಿಯವರು.

"ಏ, ಇರ್ಲಿ ಬಿಡು."

"ಖರೇನ ಮಾಮಾ, ನನಗ ಆ ಕ್ಯಾಮೆರಾ ಚಾಲೂ ಮಾಡ್ಲಿಕ್ಕೂ ಬರಂಗಿಲ್ಲ."

ಮಾವನ ಕಣ್ಣಾಗ ನೀರ ಬಂತು. ನನ್ನ ಕಡೆ ತಿರುಗಿ ಅಂದ್ರು: "ಪುಣ್ಯಾ ಮಾಡಿದ್ದಿ ನೋಡವಾ. ತಾ ಮಾಡಿದ್ದನ್ನ ಹೆಂಡತಿ ಹೆಸರಿಗೆ ಹಚ್ಚೋ ಗಂಡ ಯಾರಿಗೆ ಸಿಗ್ತಾನ!"

ನಕಲಿ ಹಿಡಿಯೋ ಆ್ಯಪ್

ನಮ್ಮ ಕೆಳಗಿನ ಮನಿಯೊಳಗ ಬೆಂಗಳೂರು ಕಡೆಯ ಎಂಜಿನಿಯರ್ ಇದ್ದಾನ, ಹಿಂಜವಾಡಿಯೊಳಗ ಕೆಲಸ. ನನ್ನ ಶನಿ ಫೋಟೋ ನೋಡಿ, "ಆಂಟಿ, ಬೇಜಾರ್ ಮಾಡ್ಕೋಬೇಡಿ, ಇದು ಎಐ ಮಾಡಿರೋದಲ್ವಾ?" ಅಂದ.

"ಅಲ್ಲಪಾ. ಮೊದಲು ನಾ ಶನೀದು ವಿಡಿಯೋ ತಗೀತೀನಿ. ಗಾಳಿಯೊಳಗ ಅದು ನಡಗತಿರ್ತದ. ಅದರಾಗಿನ ಚೊಲೋ ಚೊಲೋ ಚಿತ್ರ ಆರಿಸಿ ಕಂಪ್ಯೂಟರ್ ಒಂದ ಮಾಡ್ತದ."

"ಹಾಗಾದ್ರೆ ಕಂಪ್ಯೂಟರ್ ಮಾಡಿದ್ದು ಅನ್ನಿ."

"ನಿಮ್ಮನಿಯೊಳಗ ಚಟ್ನಿ ಮಿಕ್ಸರ್ ಮಾಡ್ತದೋ, ನಿನ್ನ ಹೆಂಡತಿ ಮಾಡ್ತಾಳೋ?"

"ನಾನೇ ಮಾಡೋದು ಆಂಟಿ" ಅಂದ, ಸಣ್ಣ ದನಿಯೊಳಗ.

ಅವನ ಪ್ರಶ್ನೆ ಮಾತ್ರ ನನ್ನ ತಲ್ಯಾಗ ಉಳೀತು. ಬೆಳಕು ಶನೀದು, ಕಾಚು ದುರ್ಬೀನದು, ಲೆಕ್ಕ ಕಂಪ್ಯೂಟರಿಂದು. ಹಂಗಾರ ನಂದೇನು? ಥಂಡ್ಯಾಗ ಮೂಗು ಸೋರಿಸಿಕೋತ ನಿಂತಿದ್ದು ಪೂರಾ ನಂದು!

ಅಷ್ಟರಾಗ ಅಂವ ಯಾವುದೋ ಆ್ಯಪಿಗೆ ನನ್ನ ಶನಿಯನ್ನ ಹಾಕಿದ. "ನಕಲಿ" ಅಂತ ಕೆಂಪು ಅಕ್ಷರ ಬಂತು. ನನಗ ಸಿಟ್ಟು ನೆತ್ತಿಗೇರ್ತು. "ಈಗ ನಿನ್ನ ಲಗ್ನದ ಫೋಟೋ ಹಾಕು" ಅಂದೆ. ಹಾಕಿದ. ಅದಕ್ಕೂ "ನಕಲಿ" ಅಂತು.

ಅವನ ಹೆಂಡತಿ ಒಳಗಿಂದ ಓಡಿ ಬಂದು, "ಆಂಟಿ, ಇದು ಯಾವ ಆ್ಯಪ್? ನಮ್ಮಮ್ಮಂಗೂ ಕಳಿಸ್ತೀನಿ" ಅಂದ್ಲು.

ಚೌತಿ

ಇದು ಹೋದ ಗಣಪತಿ ಹಬ್ಬದ್ದು. ನಮ್ಮ ಸೊಸೈಟಿಯವರು ಆ ಸಲ ಪೆಂಡಾಲಿನೊಳಗ ಫೋಟೋ ಪ್ರದರ್ಶನ ಇಟ್ಟಿದ್ರು. ಪ್ರತಿ ಫೋಟೋದ ಕೆಳಗ ತಗದವ್ರ ಹೆಸರು ಬರೀತಾರ ಅಂತ ಕೇಳಿದ ಕೂಡ್ಲೆ ನಾ ಹಟಾ ಹಿಡದೆ, ಏನರ ಆಗ್ಲಿ, ನನ್ನ ಹೆಸರು ಅಲ್ಲಿ ಬರಬೇಕು.

ಚೌತಿ ದಿನ ಸಂಜಿಗೆ ಮೋಡ ಸರದು ಎಳೇ ಚಂದ್ರ ಕಂಡ. ಆದ್ರ ಅವತ್ತು ಚಂದ್ರನ್ನ ನೋಡಿದ್ರ ಮಾಡದ ಕಳವಿನ ಅಪವಾದ ಬರ್ತದ ಅಂತ ನಮ್ಮತ್ತಿ ಕಿಟಕಿ ಎಲ್ಲಾ ಹಾಕ್ಕೊಂಡು ಕೂತಿದ್ರು. "ನಾ ನೋಡಂಗಿಲ್ರಿ ಅತ್ತಿ, ಕ್ಯಾಮೆರಾ ನೋಡ್ತದ" ಅಂತ ಗಚ್ಚಿಗೆ ಓಡಿದೆ. ಏನ್ ಚಂದ ಬಂತು ಆ ಫೋಟೋ!

ಪ್ರದರ್ಶನದ ದಿನ ನಮ್ಮ ಸೊಸೈಟಿ ಅಧ್ಯಕ್ಷರು ಅದನ್ನ ಕೈಯಾಗ ಹಿಡಕೊಂಡು ನೋಡಿದ್ರು. ಉಡುಪಿ ಕಡೆಯವ್ರು, ಹೋಟೆಲ್ ನಡಸ್ತಾರ, ಭಾಳ ಮಡಿವಂತರು. "ಎಂತ ಅಮ್ಮ, ಇದು ಇಂಟರ್ನೆಟ್ಟಿಂದ ಕದ್ದದ್ದಲ್ವಾ?" ಅಂದ್ರು.

"ಬಂತಲ್ಲವಾ ಅಪವಾದ! ಬಡ್ಕೊಂಡೆ ನಾ!" ಅಂತ ಅತ್ತಿ ಹಣಿ ಹಣಿ ಬಡಕೊಂಡ್ರು.

ನಾ ಮಂದಿ ಕಡೆ ತಿರುಗಿದೆ. "ಅವತ್ತು ಚಂದ್ರನ್ನ ಯಾರರ ನೋಡೀರೇನ್ರಿ? ಹಿಂಗ ಇದ್ದ ಅಂತ ಒಂದು ಮಾತು ಹೇಳ್ರಿ." ಎಲ್ಲಾರೂ ಕೆನ್ನಿ ಕೆನ್ನಿ ಬಡಕೊಂಡು, ಇಲ್ಲಪ್ಪಾ ಇಲ್ಲ ಅಂದ್ರು. ನನಗ ಅಳು ಬರೂದೊಂದು ಬಾಕಿ.

"ಸಾಕ್ಷಿ ಯಾಕೆ ಅಮ್ಮ?" ಅಂದ್ರು ಅಧ್ಯಕ್ಷರು. "ಅವತ್ತು ಚಂದ್ರನ ಕೆಳಗಿನ ಕೊಂಬಿಗೆ ಒಂದು ಸಣ್ಣ ಮೋಡ ಸಿಕ್ಕಿಕೊಂಡಿತ್ತು. ನಿಮ್ಮ ಫೋಟೋದಲ್ಲಿ ಅದು ಎಲ್ಲಿ ಉಂಟು?"

ನಾ ಗಡಬಡಿಸಿ ಮೊಬೈಲ್ ತಗದು, ಅವತ್ತ ಮೋಡ ಪೂರಾ ಸರಿಯೂಕಿಂತ ಮೊದಲು ಹೊಡದ ಇನ್ನೊಂದು ಫೋಟೋ ತೋರಿಸಿದೆ. ಕೆಳಗಿನ ಕೊಂಬು, ಅದಕ್ಕ ಸಿಕ್ಕೊಂಡ ಸಣ್ಣ ಮೋಡ, ಎಲ್ಲಾ ಅದರಾಗಿತ್ತು.

"ಹೌದು ಮಾರಾಯ್ರೆ, ಇದೇ ಮೋಡ! ತಪ್ಪಾಯ್ತು ಅಮ್ಮ, ಫೋಟೋ ನಿಮ್ಮದೇ" ಅಂತ ಅಧ್ಯಕ್ಷರು ಪೆನ್ನು ತಗದು, ತಾವ ಕೆಳಗ ನನ್ನ ಹೆಸರು ಬರದ್ರು. ನನ್ನ ಖುಷಿ ಏನ್ ಕೇಳ್ತೀರಿ!

ಆಗ ಹಿಂದಿಂದ ಅವರ ಹೆಂಡತಿ ದನಿ ಬಂತು. "ಅಲ್ಲಾ, ಆ ಮೋಡ ನಿಮಗೆ ಹೇಗೆ ಗೊತ್ತು? ಚಂದ್ರನನ್ನು ನೋಡ್ಬಾರ್ದು ಅಂತ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದ್ರಲ್ಲ?"

ಮಂದಿಯೆಲ್ಲಾ ಅಧ್ಯಕ್ಷರ ಮಾರಿ ನೋಡಿದ್ರು. ಅವರ ಕೈಯಾಗಿನ ಪೆನ್ನು ಕೆಳಗ ಬಿತ್ತು.

"ಅಯ್ಯೋ, ನಾನು ನೋಡ್ಲೇ ಇಲ್ಲ ಮಾರಾಯ್ತಿ! ಇದು ಸುಳ್ಳು ಅಪವಾದ! ಚೌತಿ ಚಂದ್ರನನ್ನು ನೋಡಿದ್ರೆ ಹೀಗೇ ಬರುವುದು!"