ಲ್ಯಾಪ್‌ಟಾಪಿಗೆ ವೇಗ ಬಂದ ಮೇಲೆ

ಯಾರೂ ಕೇಳದೆ ಉಪಕಾರ ಮಾಡುವ ಚಟ ಕೆಲವರಿಗಿರುತ್ತದೆ. ಎಲೆಅಡಿಕೆ, ನಶ್ಯದ ಚಟವಾದರೆ ಮಾಡುವವನ ಮೈಗಷ್ಟೇ ಕೇಡು. ಉಪಕಾರದ ಚಟ ಸುತ್ತಮುತ್ತಲಿನವರನ್ನೂ ಬಿಡುವುದಿಲ್ಲ. ನನಗೆ ಇದು ಹಳೆಯ ರೋಗ. ಒಮ್ಮೆ ಪಕ್ಕದ ಮನೆಯ ಗೇಟು ಕಿರ್ರೆನ್ನುತ್ತದೆಂದು, ಅವರು ಒಳಗಿದ್ದಾಗಲೇ ಸದ್ದಿಲ್ಲದೆ ಹೋಗಿ ಕೊಬ್ಬರಿ ಎಣ್ಣೆ ಬಿಟ್ಟು ಬಂದೆ. ಆ ಮನೆಯ ಅಜ್ಜಿಗೆ ಕಣ್ಣು ಮಂಜು. ಗೇಟಿನ ಸದ್ದಿನ ಮೇಲೆಯೇ ಸೊಸೆ ಹೋದಳು, ಮಗ ಬಂದ, ಹಾಲಿನವನು ಬಂದ ಎಂದು ಅವರು ತಿಳಿದುಕೊಳ್ಳುತ್ತಿದ್ದರಂತೆ. ಆಮೇಲೆ ಬಹಳ ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ನನ್ನ ಹೆಂಡತಿ ಸುಧಾ ಅಂದಿನಿಂದ ಎಣ್ಣೆಯ ಸೀಸೆಯನ್ನು ನನ್ನ ಕೈಗೆ ಎಟುಕದ ಕಡೆ ಇಡುತ್ತಾಳೆ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ನಮ್ಮ ಲ್ಯಾಪ್‌ಟಾಪೇ ಸಾಕ್ಷಿ.

ಮಗಳು ಪಿಯುಸಿ ಓದುವಾಗ, ಅಂಗಡಿಯಲ್ಲಿದ್ದುದರಲ್ಲೆಲ್ಲ ಅಗ್ಗದ್ದು ಯಾವುದೋ ಅದನ್ನೇ ಆರಿಸಿ ತಂದ ಲ್ಯಾಪ್‌ಟಾಪ್ ಅದು. ಅವಳು ಓದು ಮುಗಿಸಿ, ಮದುವೆಯಾಗಿ, ಮೈಸೂರಿಗೆ ಹೋಗುವಾಗ ತನ್ನ ಸಾಮಾನನ್ನೆಲ್ಲ ಕಟ್ಟಿಕೊಂಡು ಇದೊಂದನ್ನು ಮಾತ್ರ ಬಿಟ್ಟುಹೋದಳು. ಅದರ ನಿಧಾನ ಸಾಮಾನ್ಯದ್ದಲ್ಲ. ನಮ್ಮ ಮನೆ ಹನುಮಂತನಗರದಲ್ಲಿ, ಗುಡ್ಡದ ದೇವಸ್ಥಾನಕ್ಕೆ ಹತ್ತಿರ. ಬೆಳಿಗ್ಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಗುಡ್ಡ ಹತ್ತಿ, ಆಂಜನೇಯನಿಗೆ ಕೈಮುಗಿದು, ಇಳಿದು ಬರುವಾಗ ಕೊತ್ತಂಬರಿ ಸೊಪ್ಪನ್ನೂ ತಂದರೆ, ಪರದೆಯ ಮೇಲೆ ಚುಕ್ಕಿಗಳು ಇನ್ನೂ ಪ್ರದಕ್ಷಿಣೆ ಹಾಕುತ್ತಿರುತ್ತಿದ್ದವು. ನನಗೇನೂ ಅದರಿಂದ ತೊಂದರೆ ಇರಲಿಲ್ಲ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಮದುವೆಯ ಕರೆಯೋಲೆಯಲ್ಲಿ ವರನ ಹೆಸರು ಸರಿಯಾಗಿದೆಯೇ ಎಂದು ನೋಡಲು ವೇಗ ಬೇಕಿಲ್ಲ, ಭಯ ಇದ್ದರೆ ಸಾಕು.

ಆ ಲ್ಯಾಪ್‌ಟಾಪಿನ ನಿಜವಾದ ಬಳಕೆದಾರಳು ನನ್ನ ಅಕ್ಕ, ಜಯಕ್ಕ. ಮಗ ಸೊಸೆಯ ಜೊತೆ ಮತ್ತಿಕೆರೆಯಲ್ಲಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಂದು, ಚಪ್ಪಲಿ ಬಿಡುತ್ತಲೇ ಅವಳು ಹೇಳುತ್ತಿದ್ದುದು ಒಂದೇ ಮಾತು: ಫೋನು ತುಂಬಿಹೋಗಿದೆ. ಅದರೊಳಗೆ ಇರುತ್ತಿದ್ದುದಾದರೂ ಏನು? ಮಲ್ಲೇಶ್ವರದ ಮಾರ್ಕೆಟ್ಟಿನ ಹೂವಿನ ರಾಶಿ, ಮೊಮ್ಮಗನ ಬಿದ್ದ ಹಲ್ಲು, ಯಾರದೋ ಗೃಹಪ್ರವೇಶದಲ್ಲಿ ಊಟದ ಎಲೆ, ಅದೇ ಎಲೆ ಪಾಯಸ ಬಡಿಸಿದ ಮೇಲೆ. ಇವನ್ನೆಲ್ಲ ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿಗೆ ಇಳಿಸಬೇಕು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಹುಟ್ಟಿ, ತೆವಳಿ, ನಿಂತು, ಯೋಚಿಸಿ, ಮತ್ತೆ ತೆವಳಿ ಆ ತುದಿ ಮುಟ್ಟುವಷ್ಟರಲ್ಲಿ ನಮ್ಮ ತಿಂಡಿ, ಕೋಳಿಸಾರು ಮುದ್ದೆಯ ಊಟ, ಅಕ್ಕನ ಒಂದು ನಿದ್ದೆ, ಸಂಜೆಯ ಕಾಫಿ ಎಲ್ಲ ಮುಗಿದಿರುತ್ತಿದ್ದವು.

ಅಷ್ಟು ಹೊತ್ತೂ ಅಕ್ಕ ಮಾತಾಡುತ್ತಿದ್ದಳು. ಅಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ತಾಯಿದ್ದರೆ ತವರು ಅನ್ನುತ್ತಾರಲ್ಲ, ಅದು ಹೆಣ್ಣುಮಕ್ಕಳ ಮಾತು ಎಂದುಕೊಂಡಿದ್ದೆ. ಅಮ್ಮ ಹೋದ ಮೇಲೆ ತವರು ಕಳೆದುಕೊಂಡವರಲ್ಲಿ ನಾನೂ ಒಬ್ಬ ಎಂದು ಗೊತ್ತಾಯಿತು. ಮನೆ ಅದೇ, ಅಡುಗೆಮನೆ ಅದೇ, ಆದರೆ ಬೈಯುವವರಿಲ್ಲ. ಅಮ್ಮ ಯಾರನ್ನೇ ಬೈಯಲಿ, "ಅಲ್ಲಾ ಕಣಪ್ಪ" ಎಂದೇ ಶುರು ಮಾಡುತ್ತಿದ್ದರು. ಅಕ್ಕನಿಗೂ ವಯಸ್ಸಾಗುತ್ತಾ ಅದೇ ರಾಗ ಬಂದಿದೆ. ಹಸಿರು ಪಟ್ಟಿ ನಿಂತುಹೋದಾಗ ಅವಳು ಲ್ಯಾಪ್‌ಟಾಪಿಗೆ, "ಅಲ್ಲಾ ಕಣಪ್ಪ, ಬೆಳಿಗ್ಗೆಯಿಂದ ಕಾಯ್ತಾ ಕೂತಿದೀನಿ, ನಿಂಗೆ ಒಂಚೂರಾದ್ರೂ ಮನುಷ್ಯತ್ವ ಬೇಡ್ವಾ?" ಎಂದು ಕೇಳುವಾಗ, ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ನಾನು ಓದುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಮ್ಮನ ದನಿ ಕೇಳಬೇಕೆಂದರೆ ಈಗ ನನಗಿರುವುದು ಅಕ್ಕನ ಗಂಟಲೊಂದೇ.

ಹೀಗೆ ಸುಖವಾಗಿದ್ದವನಿಗೆ ಉಪಕಾರದ ಚಟ ಹತ್ತಿಕೊಂಡಿತು. ಅಕ್ಕ ಪಾಪ ಪ್ರತಿ ವಾರ ಗೊಣಗುತ್ತಾಳೆ, ಕತ್ತಲಾಗುವ ಹೊತ್ತಿಗೆ ಬಸ್ಸು ಹಿಡಿಯುತ್ತಾಳೆ. ಮೆಟ್ರೋದಲ್ಲಿ ಹೋಗು ಎಂದರೆ, ಹೆಂಗಸರಿಗೆ ಬಸ್ಸು ಫ್ರೀ ಬಿಟ್ಟಿರುವಾಗ ಹಾಗೆ ಮಾಡಿದರೆ ಸರ್ಕಾರ ಬೇಜಾರು ಮಾಡಿಕೊಳ್ಳುತ್ತದೆ ಎನ್ನುತ್ತಾಳೆ. ಅವಳಿಗೊಂದು ಅನುಕೂಲ ಮಾಡಿಕೊಡೋಣ ಎಂದು, ಅವಳಿಗೂ ಹೇಳದೆ, ಸುಧಾಳಿಗೂ ಹೇಳದೆ, ಲ್ಯಾಪ್‌ಟಾಪನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಗಾಂಧಿ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿಯ ಒಂದು ಮಹಡಿಯಂಗಡಿಗೆ ಹೋದೆ. ಅಂಗಡಿಯ ಲೋಕೇಶ್ ನಾಲ್ಕು ಮಕ್ಕಳ ತಂದೆಯ ಗಾಂಭೀರ್ಯದಿಂದ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದರು. ಒಳಗೆ ತಟ್ಟೆ ತಿರುಗಿಸುವ ಹಳೆಯ ಹಾರ್ಡ್ ಡಿಸ್ಕ್ ಇದೆ, ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಾಕು, ಅದರಲ್ಲಿ ತಿರುಗುವಂಥದ್ದು ಏನೂ ಇರುವುದಿಲ್ಲ, ಹಳೆಯದರಲ್ಲಿರುವುದನ್ನೆಲ್ಲ ಹೊಸದಕ್ಕೆ ಹಾಗೇ ಇಳಿಸಿಕೊಡುತ್ತೇನೆ ಎಂದರು. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಅಷ್ಟರಲ್ಲಿ ಅವರು ಚಿಮುಟವನ್ನು ಒಳಗೆ ಹಾಕಿ ಏನನ್ನೋ ಹೊರಗೆಳೆದು ನನ್ನ ಮುಂದಿಟ್ಟರು. ಒಣಗಿದ ಸೇವಂತಿಗೆಯ ಎಸಳು. ಆಮೇಲೆ ಅಕ್ಷತೆ. ಆಮೇಲೆ ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ್ದ ಅರಿಶಿನ, ಕುಂಕುಮ.

"ಸಾರ್, ಇದ್ರೊಳಗೆ ನಿಮ್ಮನೆ ಹಬ್ಬ ಎಲ್ಲಾ ಹಂಗೇ ಇದೆ" ಎಂದರು ಲೋಕೇಶ್.

ಅದು ಅಕ್ಕನ ಕೆಲಸ. ಆಯುಧಪೂಜೆಯ ದಿನ ನಮ್ಮ ಮನೆಗೆ ಬಂದು, ನನ್ನ ಸ್ಕೂಟರು, ಸುಧಾಳ ಮಿಕ್ಸಿ, ಈಳಿಗೆಮಣೆಯ ಜೊತೆಗೆ ಲ್ಯಾಪ್‌ಟಾಪನ್ನೂ ಸಾಲಿನಲ್ಲಿ ಕೂರಿಸಿ, ಮುಚ್ಚಳ ಪೂರ್ತಿ ತೆರೆದು, ಕೀಲಿಗಳ ಮೇಲೆ ಧಾರಾಳವಾಗಿ ಅರಿಶಿನ ಕುಂಕುಮ ಉದುರಿಸುತ್ತಿದ್ದಳು. ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟರೆ ಸಾಲದೇ ಎಂದು ನಾನು ಕೇಳಿದ್ದೆ. ದೇವರಿಗೆ ಪೂಜೆ ಮಾಡುವಾಗ ಗುಡಿಯ ಬಾಗಿಲು ಹಾಕಿಕೊಂಡು ಮಾಡುತ್ತಾರೇನೋ ಎಂದು ಅಮ್ಮನ ದನಿಯಲ್ಲೇ ಗದರಿದ್ದಳು. ನಮ್ಮ ಲ್ಯಾಪ್‌ಟಾಪ್ ನಿಧಾನವಾದದ್ದಕ್ಕೆ ವಯಸ್ಸು ಒಂದು ಕಾರಣವಾದರೆ ಭಕ್ತಿ ಇನ್ನೊಂದು. ಲೋಕೇಶ್ ಬ್ರಷ್ ಹಿಡಿದು ಅದನ್ನೆಲ್ಲ ಗುಡಿಸಿ, ಪೂಜೆಯದ್ದು ಎಂಬ ಕಾರಣಕ್ಕೆ ಕಸದ ಬುಟ್ಟಿಗೆ ಹಾಕದೆ, ಕಾಗದದಲ್ಲಿ ಪೊಟ್ಟಣ ಕಟ್ಟಿ, ಮನೆಯಲ್ಲಿ ಗಿಡದ ಬುಡಕ್ಕೆ ಹಾಕಿಬಿಡಿ ಎಂದು ನನ್ನ ಕೈಗೇ ಕೊಟ್ಟರು.

ಮುಂದಿನ ಭಾನುವಾರ ಅಕ್ಕ ಬಂದಳು. ಚಪ್ಪಲಿ ಬಿಡುತ್ತಾ ಫೋನು ತುಂಬಿಹೋಗಿದೆ ಎಂದಳು. ನಾನು ಗುಂಡಿ ಒತ್ತಿದೆ. ಅವಳು ಸೋಫಾದ ಮೇಲೆ ಸರಿಯಾಗಿ ಕೂರುವ ಮೊದಲೇ ಪರದೆ ಬೆಳಗಿ ಸಿದ್ಧವಾಗಿತ್ತು. ತಂತಿ ಸಿಕ್ಕಿಸಿದೆ. ಹಸಿರು ಪಟ್ಟಿ ಹುಟ್ಟಿದ್ದು ಕಂಡಿತು, ಆ ತುದಿ ಮುಟ್ಟಿದ್ದು ಕಂಡಿತು, ನಡುವೆ ಏನಾಯಿತೋ ಇಬ್ಬರಿಗೂ ಕಾಣಲಿಲ್ಲ. ಅಕ್ಕ ಬ್ಯಾಗನ್ನು ತೊಡೆಯ ಮೇಲಿಂದ ಇನ್ನೂ ಇಳಿಸಿರಲಿಲ್ಲ. ನಾನು ಬಹುಮಾನ ಗೆದ್ದವನಂತೆ ಅವಳ ಮುಖ ನೋಡಿದೆ.

"ಆಗೋಯ್ತಾ?" ಎಂದಳು.

"ಆಗೋಯ್ತು ಅಕ್ಕ. ಇನ್ಮೇಲೆ ನೀನು ಕಾಯೋ ಹಾಗೇ ಇಲ್ಲ."

ಅವಳು ತಂತಿಯನ್ನು ತಾನೇ ಬಿಚ್ಚಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ಒಳ್ಳೆಯದಾಯಿತು ಎಂದಳು. ಸುಧಾ ಕೊಟ್ಟ ಉಪ್ಪಿಟ್ಟು ತಿಂದಳು, ಕಾಫಿ ಕುಡಿದಳು. ಊಟಕ್ಕೆ ಇರಿ ಅತ್ತಿಗೆ ಎಂದು ಸುಧಾ ಹೇಳಿದರೆ, ಕೆಲಸ ಆಯಿತಲ್ಲ, ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಾಳೆ ಎಂದು ಎದ್ದಳು. ಕುಕ್ಕರಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಅಕ್ಕನ ಬಸ್ಸು ಮೆಜೆಸ್ಟಿಕ್ ದಾಟಿರಬೇಕು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಆಮೇಲಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿ ವಿಚಾರಿಸಿದರೆ, ಫೋನಿನಲ್ಲಿ ಜಾಗ ಇನ್ನೂ ಬೇಕಾದಷ್ಟಿದೆ, ತುಂಬಿದ ಮೇಲೆ ಬರುತ್ತೇನೆ ಎಂದಳು. ನಾನು ಎಂಥ ಹೆಡ್ಡ ನೋಡಿ, ಸರಿ ಅಕ್ಕ ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ಮನೆ ಬಿಕೋ ಎನ್ನತೊಡಗಿತು. ಸುಮ್ಮನೆ ಲ್ಯಾಪ್‌ಟಾಪ್ ತೆರೆದೆ. ಅದು ತಕ್ಷಣ ಎದ್ದು, ಏನಪ್ಪಣೆ ಎಂದು ಕೈಕಟ್ಟಿ ನಿಂತಿತು. ನನಗೆ ಅಪ್ಪಣೆ ಮಾಡುವಂಥದ್ದು ಏನೂ ಇರಲಿಲ್ಲ. ಅದನ್ನು ಬೈಯುವವರು ಬೇಕಾಗಿತ್ತು. ಭಾನುವಾರವೆಂದರೆ ಇಷ್ಟು ಉದ್ದವಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮುದ್ದೆ ಮುರಿಯುವಾಗ ಅಕ್ಕನ ಜಾಗ ನೋಡಿದೆ, ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನೀರು ಕುಡಿದೆ. ಸಾರಿನ ಖಾರವೆಂದು ಸುಧಾಳಿಗೆ ಹೇಳಿದೆ.

"ಖಾರಾನೂ ಅಲ್ಲ ಏನೂ ಅಲ್ಲ. ಹೋಗಿ ನೋಡ್ಕೊಂಡು ಬನ್ನಿ" ಎಂದಳು ಅವಳು.

ನೋಡಿಕೊಂಡು ಬರುವುದು ಸುಲಭವೇ? ನಮ್ಮ ಕಡೆ ಕಾರಣವಿಲ್ಲದೆ ಯಾರ ಮನೆಗಾದರೂ ಹೋದರೆ ಮೊದಲು ಕೇಳುವುದು, ಏನಾಯಿತು, ಎಲ್ಲರೂ ಆರೋಗ್ಯವೇ ಎಂದು. ಅಕ್ಕನ ಮನೆಗಂತೂ ನಾನು ಹೋಗುವುದು ಗೌರಿಹಬ್ಬಕ್ಕೆ ಬಾಗಿನ ಕೊಡಲು ಮಾತ್ರ. ಆದರೂ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಅಕ್ಕ ಗಾಬರಿಯಾದಳು. ಮತ್ತಿಕೆರೆಯಲ್ಲಿ ಒಬ್ಬರನ್ನು ನೋಡುವುದಿತ್ತು, ಹಾಗೇ ಬಂದೆ ಎಂದೆ. ಒಬ್ಬರನ್ನು ನೋಡುವುದಿತ್ತು ಎನ್ನುವುದು ಸುಳ್ಳೇನೂ ಅಲ್ಲ. ಅವಳ ಮುಖ ಅರಳಿತು, ಕಾಫಿ ತರುತ್ತೇನೆಂದು ಒಳಗೆ ಓಡಿದಳು.

ಅಕ್ಕನ ಸೊಸೆ ರಮ್ಯ ನಡುಮನೆಯಲ್ಲಿ ಮಗನಿಗೆ ತಲೆ ಬಾಚುತ್ತಿದ್ದಳು. ಏನಾದರೂ ಮಾತಾಡಬೇಕಲ್ಲ, ಅತ್ತೆಯ ಫೋನು ತುಂಬಿತೇನಮ್ಮ ಎಂದು ಕೇಳಿದೆ. ಅವಳು ನಕ್ಕಳು.

"ತುಂಬೋದೆಲ್ಲಿಂದ ಬಂತು ಮಾವ? ಫೋಟೋ ಎಲ್ಲ ತಾನಾಗೇ ನೆಟ್‌ಗೆ ಹೋಗೋ ಹಾಗೆ ನಾನು ಆಗ್ಲೇ ಮಾಡ್ಕೊಟ್ಟಿದೀನಿ. ಅದೂ ಅಜ್ಜಿ ಮೊದಲ್ನೇ ತಿಥಿಗೆ ಅತ್ತೆ ನಿಮ್ಮನೆಗೆ ಬಂದು ಹೋದ ಆ ವರ್ಷಾನೇ. ಅತ್ತೆಗೂ ಗೊತ್ತು."

ಅಜ್ಜಿ ಎಂದರೆ ನಮ್ಮ ಅಮ್ಮ. ಅಂದರೆ ಅಷ್ಟು ವರ್ಷವೂ ಆ ಫೋನು ಒಂದು ದಿನವೂ ತುಂಬಿರಲಿಲ್ಲ. ಅಮ್ಮನಿಲ್ಲದ ತವರಿಗೆ, ತಮ್ಮನ ಸಂಸಾರದೊಳಕ್ಕೆ, ಬರಿಗೈಯಲ್ಲಿ ನುಗ್ಗುವುದು ಹೇಗೆಂದು ಅಕ್ಕ ಒಂದು ಕಾರಣ ಹುಡುಕಿಕೊಂಡಿದ್ದಳು. ನಾನು ಅದಕ್ಕೆ ಎಸ್‌ಎಸ್‌ಡಿ ಹಾಕಿಸಿದ್ದೆ. ಒಳಗೆ ಅಕ್ಕ ಹಾಲು ಉಕ್ಕಿದ್ದಕ್ಕೆ ಒಲೆಯನ್ನು ಬೈಯುತ್ತಿದ್ದಳು. ಕೇಳುತ್ತಾ ಕೂತೆ, ಕಣ್ಣು ತುಂಬಿಕೊಂಡಿತು. ಮೊಮ್ಮಗ ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ಕನ್ನಡಕ ಒರೆಸಿಕೊಂಡೆ.

ಹೊರಡುವಾಗ ಅಕ್ಕ ಬೀದಿಯ ತಿರುವಿನವರೆಗೆ ಬಂದಳು. ಭಾನುವಾರ ಮನೆಗೆ ಬಾ ಎಂದೆ.

"ಯಾಕೋ, ಏನಾದ್ರೂ ವಿಶೇಷ ಇದ್ಯಾ?" ಎಂದಳು.

ನೀನು ಮಾತಾಡುವುದನ್ನು ಕೇಳಬೇಕು, ನೀನಿಲ್ಲದೆ ಭಾನುವಾರ ಕಳೆಯುವುದಿಲ್ಲ ಎಂಬ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಬೇರೆಯವರ ವಾಕ್ಯಗಳನ್ನು ತಿದ್ದಿಯೇ ಜೀವನ ಕಳೆದವನು ನಾನು. ನನ್ನದೊಂದನ್ನು ಬಾಯಿಂದ ಹೊರಡಿಸಲಾಗಲಿಲ್ಲ.

"ಆ ಲ್ಯಾಪ್‌ಟಾಪ್ ಯಾಕೋ ಮತ್ತೆ ಸ್ಲೋ ಆಗ್ಬಿಟ್ಟಿದೆ ಅಕ್ಕ" ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ನನ್ನ ಫೋನೂ ತುಂಬೋ ಹಾಗಾಗಿದೆ ಕಣೋ. ಬೆಳಿಗ್ಗೇನೇ ಬರ್ತೀನಿ, ಸುಧಂಗೆ ಹೇಳು" ಎಂದಳು.

ಈಗ ನನಗಿರುವ ತೊಂದರೆ ಒಂದೇ. ಭಾನುವಾರದೊಳಗೆ ಲೋಕೇಶರ ಅಂಗಡಿಯ ಮೆಟ್ಟಿಲು ಹತ್ತಿ, ಇದನ್ನು ಮೊದಲಿನ ಹಾಗೆ ಹಾಳು ಮಾಡಿಕೊಡಿ ಎಂದು ಕೇಳಬೇಕು. ಯಾಕೆ ಸಾರ್ ಎಂದು ಅವರು ಕೇಳಿದರೆ ಹೇಳಲು ಒಂದು ಕಾರಣ ಹುಡುಕುತ್ತಿದ್ದೇನೆ.