ಸೊನ್ನೆ ಎಡಕ್ಕೋ ಬಲಕ್ಕೋ

ಅತ್ತೆ ತೀರಿಕೊಂಡ ಸುದ್ದಿ ಅಳಿಯನ ಕಚೇರಿಗೆ ತಿಳಿದ ದಿನ, ಅತ್ತೆ ದೇವರ ದಯೆಯಿಂದ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಕಚೇರಿಯ ರಜೆಯ ಆ್ಯಪ್ ಮಾಡಿದವನು ಆ ಅಳಿಯನೇ. ಲೋಕವೆಲ್ಲ ಒತ್ತಿ ಆರಿಸುವ ಸೊನ್ನೆಯನ್ನು ಪದದ ಎಡಕ್ಕೆ ಇಟ್ಟರೆ ಇವನು ಬಲಕ್ಕೆ ಇಟ್ಟಿದ್ದ. ಅದೂ ಎಲ್ಲ ಒಂದೇ ಸಾಲಿನಲ್ಲಿ, ಬಸ್ಸಿನಲ್ಲಿ ಒತ್ತಿಕೊಂಡು ನಿಂತವರ ಹಾಗೆ: 'ಮನೆಯಲ್ಲಿ ಸಾವು', ಸೊನ್ನೆ, 'ಹಲ್ಲುನೋವು', ಸೊನ್ನೆ, 'ಕೆಲಸ ಬಿಡುತ್ತೇನೆ', ಸೊನ್ನೆ. ಅಂದು ಬೆಳಿಗ್ಗೆ ಅವನ ದವಡೆ ಕುಂಬಳಕಾಯಿಯಂತೆ ಊದಿತ್ತು. ನೋವಿನಲ್ಲಿ ತನ್ನ ಪದ್ಧತಿಯನ್ನು ತಾನೇ ಮರೆತು, ಹಲ್ಲುನೋವಿನ ಎಡಗಡೆಯ ಸೊನ್ನೆ ಒತ್ತಿಬಿಟ್ಟ. ಅದು ಸಾವಿನ ಸೊನ್ನೆ.

ಆ ಮನೆಯಲ್ಲಿ ವಯಸ್ಸಾದವರು ಅತ್ತೆಯೊಬ್ಬರೇ. ಉಳಿದದ್ದನ್ನು ಸಹೋದ್ಯೋಗಿಗಳೇ ಊಹಿಸಿಕೊಂಡು, ಮೇಲಧಿಕಾರಿಯ ಹಿಂದೆ ಹೂಗುಚ್ಛ ಹಿಡಿದು ಬಂದರು. ಬಾಗಿಲು ತೆರೆದವರು ಅತ್ತೆ.

"ಯಾರಪ್ಪಾ ಹೋಗಿದ್ದು?"

ಮೇಲಧಿಕಾರಿ ತಡವರಿಸಿದರು. "ನೀವೇ ಅಂತ ತಿಳ್ಕೊಂಡು ಬಂದ್ವಿ, ಅಮ್ಮ."

"ಹಾಗಾ. ಇಷ್ಟು ದೂರ ಬಂದಿದ್ದೀರಿ, ಒಳಗೆ ಬನ್ನಿ. ಅಳಿಯಂದ್ರೇ, ನನ್ನ ಕೊನೇ ಸಲ ನೋಡೋಕೆ ಬಂದಿದ್ದಾರೆ."

ಮೇಲಧಿಕಾರಿ ಫೋನಿನಲ್ಲಿ ರಜೆಯ ಅರ್ಜಿ ತೋರಿಸಿದಾಗ ಅಳಿಯನಿಗೆ ಎಲ್ಲ ಅರ್ಥವಾಯಿತು.

"ಆ ಸೊನ್ನೆಗಳನ್ನ ಎಡಕ್ಕೆ ಹಾಕಪ್ಪ."

"ಹಾಕಲ್ಲ ಸಾರ್. ಮೊದಲು ಓದ್ಬೇಕು, ಆಮೇಲೆ ಒತ್ತಬೇಕು. ತಪ್ಪು ನನ್ನ ಹೆಬ್ಬೆರಳಿಂದು, ಜೋಡಣೇದಲ್ಲ."

"ಬದುಕಿರೋರನ್ನ ಸಾಯಿಸಿದ ಮೇಲೂ ಈ ಮಾತಾ?" ಎನ್ನುತ್ತ ಕಚೇರಿಯಲ್ಲಿ ಅವನ ಪಕ್ಕದ ಮೇಜಿನ ಸಹೋದ್ಯೋಗಿ ಲ್ಯಾಪ್‌ಟಾಪ್ ತೆರೆದಳು. ನೋಡುನೋಡುತ್ತಲೇ ಸೊನ್ನೆಗಳೆಲ್ಲ ಎಡಕ್ಕೆ ಸರಿದವು.

"ಈಗ ಹಲ್ಲುನೋವಿಗೆ ಇನ್ನೊಮ್ಮೆ ರಜೆ ಹಾಕು," ಎಂದರು ಮೇಲಧಿಕಾರಿ.

"ಹಾಕ್ತೀನಿ. ಆದ್ರೆ ನಾನು ಸೋತೆ ಅಂತ ಯಾರೂ ತಿಳ್ಕೋಬೇಡಿ."

ಹೀಗೆ ವಾದಿಸುತ್ತಲೇ ಅವನು ಫೋನು ಎತ್ತಿಕೊಂಡ. ಬೆಳಿಗ್ಗೆ ಮರೆತಿದ್ದ ಪದ್ಧತಿ ಹೆಬ್ಬೆರಳಿಗೆ ಈಗ ಸರಿಯಾಗಿ ನೆನಪಾಯಿತು. ಹಲ್ಲುನೋವಿನ ಬಲಗಡೆಯ ಸೊನ್ನೆಯನ್ನೇ ಒತ್ತಿತು.

ಮೇಲಧಿಕಾರಿಯ ಫೋನು ಟಿಣ್ಣೆಂದಿತು. ಅವರು 'ಒಪ್ಪಿಗೆ' ಒತ್ತಿ, ಆಮೇಲೆ ಓದಿದರು: 'ಕೆಲಸ ಬಿಡುತ್ತೇನೆ.' ಒಪ್ಪಿದ್ದನ್ನು ಹಿಂತೆಗೆಯುವ ದಾರಿ ಆ ಆ್ಯಪ್‌ನಲ್ಲಿ ಇರಲಿಲ್ಲ. ಅದು ಬೇಡವೆಂದು ಹಟ ಹಿಡಿದವನೂ ಅಳಿಯನೇ.

"ಆದ್ರೂ ಸೊನ್ನೆ ಬಲಕ್ಕೇ ಇರ್ಬೇಕು," ಎಂದ ಅವನು, ದವಡೆ ಹಿಡಿದುಕೊಂಡು.

ಅತ್ತೆ ತಮಗೆಂದು ಬಂದಿದ್ದ ಹೂಗುಚ್ಛವನ್ನು ಅವನ ಫೋನಿನ ಮುಂದೆ ಇಟ್ಟು, ಕೈಮುಗಿದು ಕಣ್ಣು ಮುಚ್ಚಿದರು.

"ದೇವರೇ, ಪಾಪ, ಒಳ್ಳೇ ನೌಕರಿ. ಇಷ್ಟು ದಿನ ನಮಗೆಲ್ಲ ಅನ್ನ ಹಾಕಿತ್ತು. ಹೋದ ಕಡೆ ಅದಕ್ಕೆ ಶಾಂತಿ ಸಿಗಲಿ."