ಬ್ರೇಕು ಒತ್ತಿದರೆ ಎಡಕ್ಕೆ

ರೋಗ ಕಂಡುಹಿಡಿಯುವುದರಲ್ಲಿ ನಾನು ಈವರೆಗೆ ತಪ್ಪಿದವನಲ್ಲ. ಇದು ಜಂಬವಲ್ಲ, ಇರುವ ವಿಷಯ. ಸೀಮೆಎಣ್ಣೆ ಸ್ಟೌ ಏಕೆ ಭುಸುಗುಡುತ್ತದೆ, ಫ್ಯಾನು ಏಕೆ ನರಳುತ್ತದೆ, ಎದುರು ಮನೆಯ ರೇಡಿಯೋ ಸರಿಯಾಗಿ ವಾರ್ತೆಯ ಹೊತ್ತಿಗೇ ಏಕೆ ಕರಕರ ಎನ್ನುತ್ತದೆ ಎಂಬುದನ್ನೆಲ್ಲ ಕೂತ ಕುರ್ಚಿಯಿಂದಲೇ ಹೇಳಬಲ್ಲೆ. ಎದ್ದರೆ ರಿಪೇರಿಯನ್ನೂ ಮಾಡಬಲ್ಲೆ. ಆದರೆ ರಿಪೇರಿಯಾದ ಮೇಲೆ ಆ ವಸ್ತುವನ್ನು ಬಳಸುವ ಮನುಷ್ಯರಿಗೆ ಏನಾಗುತ್ತದೆ ಎಂಬುದು ನನ್ನ ಹೊಣೆಯಲ್ಲ ಎಂದೇ ನನ್ನ ವಾದ. ನನ್ನ ಹೆಂಡತಿ ವಿಶಾಲಾಕ್ಷಿಯ ಅಭಿಪ್ರಾಯ ಬೇರೆ. ಇಬ್ಬರ ವಾದವನ್ನೂ ಮುಂದಿಡುತ್ತೇನೆ, ನೀವೇ ತೀರ್ಮಾನಿಸಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ಆರ್.ಟಿ. ನಗರದಲ್ಲಿ ಬಾಡಿಗೆಗೆ ಇದ್ದೆವು. ನನಗೆ ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸ. ಕಾರ್ಖಾನೆಯ ಬಸ್ಸೇ ಬೀದಿ ತುದಿಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿತ್ತು. ವಿಶಾಲಾಕ್ಷಿ ಟೀಚರು. ಅವಳ ಶಾಲೆ ಯಲಹಂಕದಿಂದಾಚೆ. ಅವಳನ್ನು ಕರೆದೊಯ್ಯಲು ಯಾವ ಬಸ್ಸಿಗೂ ಅಂಥ ಆಸೆ ಇರಲಿಲ್ಲ. ಹೆಬ್ಬಾಳದಲ್ಲಿ ಕಾದು ಕಾದು, ಬಂದ ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಟ್ಟು ಅವಳು ಶಾಲೆ ಮುಟ್ಟುವಷ್ಟರಲ್ಲಿ ಮಕ್ಕಳು ಪ್ರಾರ್ಥನೆ ಮುಗಿಸಿ, ಹಾಜರಿ ಕೂಗಿಸಿಕೊಂಡು, ಜಗಳವನ್ನೂ ಶುರು ಮಾಡಿರುತ್ತಿದ್ದರು. ಬೇಸಿಗೆ ರಜೆಗೆ ಮುಂಚೆ ಹೆಡ್ ಮೇಡಂ ಕರೆದು ಹೇಳಿಬಿಟ್ಟರಂತೆ: "ಜೂನಿಂದ ಗಂಟೆ ಹೊಡೆಯೋ ಮುಂಚೆ ನೀವು ಇಲ್ಲಿರ್ಬೇಕು ವಿಶಾಲಾಕ್ಷಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಯಾರನ್ನಾದ್ರೂ ನೋಡ್ಕೋತೀವಿ." ಮನೆಗೆ ಬಂದವಳು ಸೀರೆ ಕೂಡ ಬದಲಾಯಿಸದೆ ಅಡಿಗೆಮನೆಯಲ್ಲಿ ಕೂತು ಅತ್ತಳು. ಮದುವೆಯಾದ ಮೇಲೆ ಓದಿ, ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ ಅದು. ನನಗೂ ಸಂಕಟವಾಯಿತು. ಅಳಬೇಡ, ಮನೆ ಮುಂದೆ ಕಾರು ನಿಂತಿದೆಯಲ್ಲ, ಓಡಿಸುವುದನ್ನು ಕಲಿ, ನಾನೇ ಕಲಿಸುತ್ತೇನೆ ಎಂದೆ.

ಕಾರು ಎಂದು ಅದನ್ನು ಕರೆಯುತ್ತಿದ್ದವನು ನಾನೊಬ್ಬನೇ. ಎರಡು ಬಾಗಿಲಿನ ಪುಟ್ಟ ಗಾಡಿ, ನಮ್ಮ ಕೈಗೆ ಬರುವ ಹೊತ್ತಿಗೆ ಹಲವರ ಕೈ ದಾಟಿತ್ತು. ಎಂಜಿನ್ ಗಟ್ಟಿ. ಹಾರನ್ ಇನ್ನೂ ಗಟ್ಟಿ. ಒಂದೇ ಒಂದು ದುರಭ್ಯಾಸ: ಬ್ರೇಕು ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಹೆಬ್ಬಾಳದ ಕೆರೆ ಏರಿಯ ಹತ್ತಿರ ನಿಧಾನ ಮಾಡಲು ಹೋದರೆ ಕೆರೆಯ ಕಡೆ, ತರಕಾರಿ ಗಾಡಿಯ ಮುಂದೆ ನಿಧಾನ ಮಾಡಿದರೆ ಸೊಪ್ಪಿನ ಕಡೆ. ನಾನು ಅದಕ್ಕೊಂದು ಸುಲಭ ಉಪಾಯ ಮಾಡಿಕೊಂಡಿದ್ದೆ. ಕಾಲು ಬ್ರೇಕಿಗೆ ಹೋದಾಗಲೆಲ್ಲ ಕೈ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸುತ್ತಿತ್ತು. ವಿಶಾಲಾಕ್ಷಿಗೂ ಹಾಗೆಯೇ ಕಲಿಸಿದೆ. "ಬ್ರೇಕು ಅಂದ್ರೆ ಬಲಕ್ಕೆ, ನೆನಪಿಟ್ಕೋ" ಎಂದೆ. ಮಗ್ಗಿ ಬಾಯಿಪಾಠ ಮಾಡಿಸುವವಳಲ್ಲವೇ, ಚೆನ್ನಾಗಿಯೇ ನೆನಪಿಟ್ಟುಕೊಂಡಳು. ಏಪ್ರಿಲ್ ಕಳೆಯುವುದರೊಳಗೆ ಅವಳು ಬ್ರೇಕು ಒತ್ತಿದರೆ ಕಾರು ಕದಲದೆ ನೇರವಾಗಿ ನಿಲ್ಲತೊಡಗಿತು.

ಆದರೆ ಲೈಸೆನ್ಸ್ ಪರೀಕ್ಷೆ ಹತ್ತಿರ ಬಂದಾಗ ನನಗೆ ಯೋಚನೆ ಹತ್ತಿತು. ಪರೀಕ್ಷೆ ಮಾಡುವವರನ್ನು ಜನ ಕರೆಯುವುದೇ ಬ್ರೇಕ್ ಇನ್‌ಸ್ಪೆಕ್ಟರ್ ಎಂದು. ಅವರ ಮುಂದೆ ಇಂಥ ಬ್ರೇಕು ಇಟ್ಟುಕೊಂಡು ಹೋಗುವುದೇ? ಗಾಡಿಯನ್ನು ಸರಿ ಮಾಡಲೇಬೇಕು ಎಂದು ತೀರ್ಮಾನಿಸಿದೆ. ಸುದ್ದಿ ಹರಡಿತು, ಸಲಹೆಗಳು ಬಂದವು. ಬೀದಿ ತುದಿಯ ಗ್ಯಾರೇಜಿನವನು ಕಾರಿನತ್ತ ನೋಡದೆಯೇ "ಸ್ಟೀರಿಂಗ್ ಬಾಕ್ಸೇ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಎಂದ. ಪಕ್ಕದ ಮನೆಯ ನರಸಿಂಹಮೂರ್ತಿಗಳು ಪೋಸ್ಟಾಫೀಸಿನಿಂದ ನಿವೃತ್ತರಾದವರು, ಹಿಂದೊಮ್ಮೆ ಕಾರಿಟ್ಟಿದ್ದು ಮಾರಿದವರು. ಅವರು ನನ್ನ ಹೊಟ್ಟೆಯ ಸುತ್ತಳತೆಯನ್ನೇ ದಿಟ್ಟಿಸಿ, "ತಪ್ಪು ತಿಳ್ಕೋಬೇಡಿ ಸ್ವಾಮಿ, ನಿಮ್ಮ ಮನೆಯವರು ಓಡಿಸೋವಾಗ ಎಡಗಡೆ ಕೂರೋರು ನೀವು ತಾನೆ? ಭಾರ ಎಲ್ಲಿದೆಯೋ ಗಾಡಿ ಅಲ್ಲಿಗೆ ಹೋಗತ್ತೆ" ಎಂದರು. ನಾನು ತಪ್ಪು ತಿಳಿಯಲಿಲ್ಲ. ಅವರ ಎದುರಿಗೇ ಡ್ರೈವರ್ ಸೀಟಿನಲ್ಲಿ ಒಬ್ಬನೇ ಕೂತು ಓಡಿಸಿ, ಸ್ಟೀರಿಂಗಿನಿಂದ ಕೈ ತೆಗೆದು ಬ್ರೇಕು ಒತ್ತಿದೆ. ಕಾರು ಎಡಕ್ಕೆ ತಿರುಗಿ ಅವರ ಕಾಂಪೌಂಡಿನ ದಾಸವಾಳದ ಗಿಡಕ್ಕೆ ಮೂಗು ತಾಗಿಸಿ ನಿಂತಿತು. ಸಿದ್ಧಾಂತ ಅಲ್ಲಿಗೆ ಮುಗಿಯಿತು, ಗಿಡ ಉಳಿಯಿತು.

ಇಂಥ ಕೆಲಸಕ್ಕೆ ಒಂದು ಕ್ರಮ ಬೇಕು. ಭಾನುವಾರ ಬೆಳಿಗ್ಗೆ ಜಕ್ಕೂರಿನ ವಿಮಾನ ಮೈದಾನದ ಬೇಲಿಯ ಪಕ್ಕದ ರಸ್ತೆಗೆ ಹೋದೆ. ನೇರ ರಸ್ತೆ, ಎದುರಿಗೆ ಬರುವುದು ಎಮ್ಮೆ ಮಾತ್ರ. ರಸ್ತೆಯ ನಡುಮಧ್ಯ ಕೈ ಸಡಿಲ ಬಿಟ್ಟು ಓಡಿಸಿದೆ, ಕಾರು ನೇರ ಹೋಯಿತು. ಹಾಗಾದರೆ ಸ್ಟೀರಿಂಗ್ ನಿರಪರಾಧಿ. ಮುಂದಿನ ಚಕ್ರಗಳ ಗಾಳಿ ನೋಡಿದೆ, ಸಮ. ಎಡದ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ, ಕೈ ಬಿಟ್ಟು ಬ್ರೇಕು ಒತ್ತಿದರೆ ಮತ್ತೆ ಎಡಕ್ಕೇ. ಟೈರೂ ನಿರಪರಾಧಿ. ಕೊನೆಗೆ ಮೇಲಿಂದ ಮೇಲೆ ಬ್ರೇಕು ಹಾಕುತ್ತ ಒಂದಷ್ಟು ದೂರ ಹೋಗಿ, ಇಳಿದು, ಮುಂದಿನ ಚಕ್ರಗಳ ನಡುಭಾಗವನ್ನು ಮುಟ್ಟಿ ನೋಡಿದೆ. ಎಡದ್ದು ಕಾವಲಿಯಂತೆ ಸುಡುತ್ತಿತ್ತು. ಬಲದ್ದು ತಣ್ಣಗಿತ್ತು. ಅಂದರೆ ತಪ್ಪು ಎಡದ್ದಲ್ಲವೇ ಅಲ್ಲ! ಪಾಪ, ಅದೊಂದೇ ಕೆಲಸ ಮಾಡುತ್ತಿತ್ತು. ಬಲದ ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ನಮ್ಮ ಸೆಕ್ಷನ್ನಿನಲ್ಲೂ ಹೀಗೇ. ದುಡಿಯುವವನ ಮೇಜಿನ ಮೇಲೆ ಕಡತ ಬಿದ್ದಿರುತ್ತದೆ, ಸಾಹೇಬರು ಬಂದರೆ ಬೈಸಿಕೊಳ್ಳುವವನೂ ಅವನೇ. ಮೇಜು ಖಾಲಿ ಇಟ್ಟುಕೊಂಡವನು ಶಿಸ್ತಿನ ಮನುಷ್ಯ ಎನಿಸಿಕೊಳ್ಳುತ್ತಾನೆ.

ಮನೆಗೆ ಬಂದು ಬಲಚಕ್ರ ಬಿಚ್ಚಿದೆ. ನಾನು ಹೇಳಿದ್ದೇ ಸರಿಯಾಗಿತ್ತು. ಬ್ರೇಕಿನೊಳಗಿನ ಪುಟ್ಟ ಸಿಲಿಂಡರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊಸದನ್ನು ತಂದು ಕೂರಿಸುವಷ್ಟರಲ್ಲಿ ಪರೀಕ್ಷೆಯ ಹಿಂದಿನ ದಿನ ಬಂದಿತ್ತು. ಬ್ರೇಕು ಎಣ್ಣೆಯ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪೆಡಲ್ ತುಳಿಯುತ್ತ ಮೇಲೆ, ಒಬ್ಬರು ಚಕ್ರದ ಹತ್ತಿರ ಕೆಳಗೆ. ವಿಶಾಲಾಕ್ಷಿಯನ್ನು ಪೆಡಲಿಗೆ ಕೂರಿಸಿ ನಾನು ನೆಲದಿಂದ "ಒತ್ತು! ಹಿಡ್ಕೋ! ಬಿಡು!" ಎಂದು ಕೂಗಿದೆ. ಕೆಲಸದವಳು ಹೆದರಿ ಪಾತ್ರೆ ಬಿಟ್ಟು ಹೊರಗೆ ಬಂದಳು. ಸಂಜೆ ಕಾರನ್ನು ಬೀದಿಗಿಳಿಸಿ, ಎರಡೂ ಕೈ ಮೇಲೆತ್ತಿ ಬ್ರೇಕು ಒತ್ತಿದೆ. ದಾರ ಹಿಡಿದಂತೆ ನೇರ ನಿಂತಿತು. ಮೂರ್ತಿಗಳು ಗೇಟಿನಲ್ಲಿ ನಿಂತು ನೋಡಿ ಒಳಗೆ ಹೋದರು. ಆ ರಾತ್ರಿ ಬಹಳ ಚೆನ್ನಾಗಿ ಉಂಡೆ.

ಮಾರನೆಯ ದಿನ ಯಶವಂತಪುರದ ಕಡೆಯ ಪರೀಕ್ಷೆಯ ಬಯಲಿಗೆ ಕಾರನ್ನು ನಾನೇ ಓಡಿಸಿಕೊಂಡು ಹೋದೆ. ದಾರಿಯಲ್ಲಿ ಬ್ರೇಕು ಹಾಕಿದಾಗಲೆಲ್ಲ ಕಾರು ಯಾಕೋ ಬಲಕ್ಕೆ ಹಾರುತ್ತಿತ್ತು. ಸ್ಕೂಟರಿನವನೊಬ್ಬ ನನ್ನ ವಂಶವನ್ನೆಲ್ಲ ನೆನೆಸಿಕೊಂಡು ಮುಂದೆ ಹೋದ.

"ರೀ, ಈಗ ಬಲಕ್ಕೆ ಹೋಗ್ತಿದೆಯಲ್ರೀ?" ಎಂದಳು ವಿಶಾಲಾಕ್ಷಿ.

"ಹೊಸ ಬ್ರೇಕು ಕಣೇ. ಹೊಂದ್ಕೋಬೇಕು" ಎಂದೆ. ನನ್ನ ದನಿಯಲ್ಲಿ ಎಂಥ ಭರವಸೆ ಇತ್ತೆಂದರೆ ಅವಳು ನಂಬಿಬಿಟ್ಟಳು.

ಇನ್‌ಸ್ಪೆಕ್ಟರು ಅವಳ ಪಕ್ಕದಲ್ಲಿ ಕೂತರು. ಅವಳು ಗೇರು ಹಾಕಿದ್ದು, ಕೈ ತೋರಿಸಿದ್ದು, ತಿರುವು ತೆಗೆದುಕೊಂಡಿದ್ದು ಎಲ್ಲ ಸೊಗಸಾಗಿತ್ತು. "ನಿಲ್ಸಿ" ಎಂದರು. ಅವಳ ಕಾಲು ಬ್ರೇಕಿಗೆ ಹೋಯಿತು, ಕೈ ಕಲಿತ ಪಾಠ ಮಾಡಿತು. ಕಾರು ಬಲಕ್ಕೆ ಹೊರಳಿ, ಸರದಿಯಲ್ಲಿ ನಿಂತಿದ್ದವರ ಕಡೆ ನುಗ್ಗಿತು. ಸರದಿ ಚದುರಿ ಚೆಲ್ಲಾಪಿಲ್ಲಿಯಾಯಿತು. ನಾನು ಓಡಿಹೋಗಿ, ಎಡದ ಬಿಸಿ, ಬಲದ ತಂಪು, ಸಿಲಿಂಡರಿನ ತುಕ್ಕು ಎಲ್ಲವನ್ನೂ ವಿವರಿಸಿದೆ. ಇನ್‌ಸ್ಪೆಕ್ಟರು ತಾಳ್ಮೆಯಿಂದ ಕೇಳಿ, "ಹಂಗಾದ್ರೆ ನೀವೇ ಓಡ್ಸಿ ತೋರ್ಸಿ ಯಜಮಾನ್ರೇ" ಎಂದರು. ಓಡಿಸಿ ತೋರಿಸಿದೆ. ಚದುರಿದವರು ಆಗಷ್ಟೇ ಮತ್ತೆ ಸೇರಿಕೊಂಡಿದ್ದರು, ಇನ್ನೊಮ್ಮೆ ಓಡಿದರು. ಕೊನೆಗೆ ಇನ್‌ಸ್ಪೆಕ್ಟರೇ ಸ್ಟೀರಿಂಗ್ ಹಿಡಿದು ಒಂದು ಸುತ್ತು ಹೋಗಿ ಬ್ರೇಕು ಒತ್ತಿದರು. ಕಾರು ಇದ್ದಲ್ಲೇ ನೇರವಾಗಿ ನಿಂತಿತು. ಕೆಳಗಿಳಿದು ಕೈ ಒರೆಸಿಕೊಂಡು, "ಗಾಡಿ ಪಾಸು ಕಣ್ರೀ. ನೀವಿಬ್ರೂ ಫೇಲು" ಎಂದರು.

ವಿಶಾಲಾಕ್ಷಿ ನಗಲಿಲ್ಲ. ಶಾಲೆ ಬಾಗಿಲು ತೆಗೆಯಲು ಇನ್ನು ಹೆಚ್ಚು ದಿನ ಇರಲಿಲ್ಲ. ಅವಳ ಮುಖ ನೋಡಿ ಇನ್‌ಸ್ಪೆಕ್ಟರೇ "ಮುಂದಿನ ವಾರ ಬನ್ನಿ ತಾಯಿ" ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ನಾನು ಅವಳ ಕೈಯ ರೋಗವನ್ನು ಪತ್ತೆ ಮಾಡಿ ಹೇಳಿದೆ. ಕಾರಣ, ಲಕ್ಷಣ, ಪರಿಹಾರ, ಒಂದೂ ಬಿಡಲಿಲ್ಲ. ಮನೆ ಮುಟ್ಟಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ನೀವು ಹೇಳೋದೆಲ್ಲ ಸರಿ. ಆದ್ರೆ ದಯವಿಟ್ಟು ಈ ವಾರ ನನ್ನ ಪಕ್ಕ ಕೂರ್ಬೇಡಿ."

ಲೈಸೆನ್ಸ್ ಇದ್ದವರೊಬ್ಬರು ಪಕ್ಕದಲ್ಲಿರಲೇಬೇಕಲ್ಲ, ಮೂರ್ತಿಗಳನ್ನು ಕರೆದಳು. ದಿನವೂ ಬೆಳಿಗ್ಗೆ ಅವರು ಮಫ್ಲರ್ ಸುತ್ತಿಕೊಂಡು ಬಂದು ಎಡಗಡೆ ಕೂರುತ್ತಿದ್ದರು. ಕಾರು ಅಮೃತಹಳ್ಳಿಯ ಕಡೆ ಹೋಗಿ ಬರುತ್ತಿತ್ತು. ನಾನು ಗೇಟಿನಲ್ಲಿ ನಿಂತು ಕೆಲವು ಅಮೂಲ್ಯ ಸೂಚನೆಗಳನ್ನು ಕೂಗುತ್ತಿದ್ದೆ. ಕಿಟಕಿಯ ಗಾಜು ಮೇಲೇರುತ್ತಿತ್ತು.

ಮುಂದಿನ ವಾರ ಮೂವರೂ ಹೋದೆವು. "ನಿಲ್ಸಿ" ಎಂದಾಗ ಕಾರು ನೇರವಾಗಿ, ಮೆತ್ತಗೆ ನಿಂತಿತು. ಹೋದ ಸಲದ ನೆನಪಿದ್ದ ಒಬ್ಬಿಬ್ಬರು ದೂರದಿಂದಲೇ ಚಪ್ಪಾಳೆ ತಟ್ಟಿದರು. ಅವಳ ಕೆಲಸ ಉಳಿಯಿತು. ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕುತ್ತ, "ಭೇಷ್! ಯಾರಮ್ಮ ಹೇಳ್ಕೊಟ್ಟಿದ್ದು?" ಎಂದು ಕೇಳಿದರು. ನಾನು ಅಂಗಿಯ ಕಾಲರ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

ವಿಶಾಲಾಕ್ಷಿ ನನ್ನನ್ನು ಬಿಟ್ಟು ಮೂರ್ತಿಗಳತ್ತ ಕೈ ತೋರಿಸಿದಳು. "ಇವರು ಸಾರ್."

"ನಂದೇನಿಲ್ಲ ಸ್ವಾಮಿ" ಎಂದು ಮೂರ್ತಿಗಳು ಕೈಮುಗಿದರು. "ನಾನು ಬಾಯ್ಮುಚ್ಕೊಂಡು ಕೂತಿದ್ದೆ, ಅಷ್ಟೇ."

ಕಾರಿಗೆ ಏನೂ ಆಗಿರಲಿಲ್ಲ. ಆದರೂ ನಾನು ಹೋಗಿ ಬಾನೆಟ್ ಎತ್ತಿ, ತಲೆಯನ್ನು ಒಳಗೆ ಹಾಕಿ ಬಹಳ ಹೊತ್ತು ಪರೀಕ್ಷೆ ಮಾಡಿದೆ.